ಬೀಗರಿಗೆ ಎರಡೂ ಕೈ ಎತ್ತಿದ್ದು

ಮೊದಲೇ ಒಂದು ಮಾತು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಫಟಫಟಿಯ ಮೇಲಿಂದ ಬಿದ್ದದ್ದು ವಯಸ್ಸಾದದ್ದರಿಂದ ಅಲ್ಲ. ಮರ್ಯಾದೆಯಿಂದ. ಈ ವ್ಯತ್ಯಾಸವನ್ನು ನಮ್ಮ ಮನೆಯಲ್ಲಿ, ಬೀಗರ ಮನೆಯಲ್ಲಿ, ದವಾಖಾನೆಯಲ್ಲಿ, ಕೊನೆಗೆ ದಿನಾ ಹಾಲು ಹಾಕುವವನಿಗೂ ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ. ಒಬ್ಬರೂ ಒಪ್ಪುತ್ತಿಲ್ಲ. ಹಾಲಿನವನಂತೂ "ಇರ್ಲಿ ಬಿಡ್ರಿ ಮಾಸ್ತರ, ವಯಸ್ಸ ಆತು" ಎಂದು ನನಗೇ ಸಮಾಧಾನ ಹೇಳಿ, ಅರ್ಧ ಲೀಟರ್ ಅಳೆದು ಹೋದ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ನ್ಯಾಯ ಓದುಗರ ಕೈಯಲ್ಲಿದೆ.

ನಾನು ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ನಾನು ಒಮ್ಮೆ ಸೀಟಿ ಊದಿದರೆ ಇಡೀ ಮೈದಾನ ಬಲಕ್ಕೆ ತಿರುಗುತ್ತಿತ್ತು. ಬಿದ್ದರೆ ಹೇಗೆ ಉರುಳಬೇಕು, ಪೆಟ್ಟಾಗದಂತೆ ಹೇಗೆ ಏಳಬೇಕು ಎಂಬುದನ್ನು ಸಾವಿರಾರು ಮಕ್ಕಳಿಗೆ ಕಲಿಸಿದ ಮನುಷ್ಯ ನಾನು. ಈಗ ಅರವತ್ತಾರು. ಬೆಳಿಗ್ಗೆ ಇಂದಿಗೂ ಬಸ್ಕಿ ಹೊಡೆಯುತ್ತೇನೆ. ಎಷ್ಟು ಎಂದು ಕೇಳಬಾರದು.

ಮೋಟಾರ್ ಸೈಕಲ್ಲಿಗೆ ನಮ್ಮ ಕಡೆಯ ಹಿರಿಯರು ಫಟಫಟಿ ಅನ್ನುತ್ತಾರೆ. ನನ್ನ ಗಾಡಿ ಆ ಹೆಸರಿಗೆ ಇನ್ನೂ ಕಳಂಕ ತಂದಿಲ್ಲ. ಅದು ಓಣಿಯ ಆ ತುದಿಗೆ ಬಂದಾಗಲೇ ಈ ತುದಿಯಲ್ಲಿ ನನ್ನ ಹೆಂಡತಿ ಮಹಾದೇವಿ ಚಹಾಕ್ಕೆ ನೀರಿಡುತ್ತಾಳೆ. ನೌಕರಿ ಸಿಕ್ಕ ಹೊಸತರಲ್ಲಿ, ಮದುವೆಗೆ ಮೊದಲೇ ಕೊಂಡದ್ದು. ಹೀಗಾಗಿ ಮನೆಯಲ್ಲಿ ಅದರ ಸೀನಿಯಾರಿಟಿ ಹೆಚ್ಚು. ಈ ಮಾತನ್ನು ಮಹಾದೇವಿಯ ಮುಂದೆ ಒಮ್ಮೆ ಹೇಳಿದ್ದೆ. ಮತ್ತೆ ಹೇಳಿಲ್ಲ.

ಇಲ್ಲೊಂದು ಸಣ್ಣ ತಾಂತ್ರಿಕ ಸಂಗತಿಯನ್ನು ನಿಮಗೆ ಮಾತ್ರ ತಿಳಿಸುತ್ತೇನೆ. ಕೆಲವು ವರ್ಷಗಳಿಂದ ನನ್ನ ಬಲಗಾಲು ಸೀಟಿನ ಎತ್ತರಕ್ಕೆ ಏಳುವುದಿಲ್ಲ. ಕೆಳಗೆ ಒದೆಯುವುದರಲ್ಲಿ ಅದು ಇಂದಿಗೂ ಹುಲಿ, ಒಂದೇ ಕಿಕ್ಕಿಗೆ ಗಾಡಿ ಶುರು. ಮೇಲೆ ಏಳುವ ವಿಷಯ ಬಂದಾಗ ಮಾತ್ರ ಸೋಮಾರಿ. ನಮ್ಮ ಗೇಟಿನ ಪಕ್ಕದಲ್ಲಿ ಒಂದು ಕಟ್ಟೆ ಇದೆ. ಸಂಜೆ ಹೊತ್ತು ಕುಳಿತು ಸೊಪ್ಪು ಸೋಸುವುದಕ್ಕೆಂದು ಮಹಾದೇವಿ ಎರಡು ವರ್ಷದ ಹಿಂದೆ ಗೌಂಡಿಯನ್ನು ಕರೆಸಿ ಕಟ್ಟಿಸಿದ್ದು. ಅದರ ಎತ್ತರ ಹೇಗಿದೆಯೆಂದರೆ, ಗಾಡಿಯನ್ನು ಅದಕ್ಕೆ ತಾಗಿಸಿ ನಿಲ್ಲಿಸಿ, ಕಟ್ಟೆಯ ಮೇಲೆ ನಿಂತು ಕಾಲು ಆಚೆ ಹಾಕಿದರೆ ಆಯಿತು, ಕುದುರೆ ಸವಾರನ ಹಾಗೆ ಕುಳಿತುಬಿಡುತ್ತೇನೆ. ಇಳಿಯುವುದಕ್ಕೂ ಅದೇ ಕಟ್ಟೆ. ಹೊರಗೆ ಹೋದಾಗ ಎಲ್ಲೆಲ್ಲಿ ಕಟ್ಟೆ ಉಂಟೋ ಅಲ್ಲಲ್ಲಿ ಮಾತ್ರ ನನಗೆ ಕೆಲಸವಿರುತ್ತದೆ. ಕಟ್ಟೆ ಇಲ್ಲದ ಅಂಗಡಿಗೆ ನಾನು ವ್ಯಾಪಾರ ಕೊಡುವುದಿಲ್ಲ. ಈ ಗುಟ್ಟು ಮಹಾದೇವಿಗೂ ಗೊತ್ತಿರಲಿಲ್ಲ. ಅಂತ ನಾನು ತಿಳಿದಿದ್ದೆ.

ನಮ್ಮ ಮಗಳು ಸುಧಾಳನ್ನು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿಗೆ ಕೊಟ್ಟಿದ್ದೇವೆ. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು. ಬಸುರಿ ಮಗಳಿಗೆ ತವರಿನಿಂದ ಬಯಕೆಯ ಬುತ್ತಿ ಒಯ್ಯುವುದು ನಮ್ಮಲ್ಲಿ ದೊಡ್ಡ ಸಂಭ್ರಮ. ನಾಲ್ಕು ದಿನ ಮನೆಯಲ್ಲಿ ಒಲೆ ಆರಲಿಲ್ಲ. ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕರ್ಚಿಕಾಯಿ, ಮೊಸರು ಬುತ್ತಿ, ಅಗಸಿ ಚಟ್ನಿ. ನಾನು ಅಡಿಗೆಮನೆಯ ಕಡೆ ಹೋದಾಗಲೆಲ್ಲ ಮಹಾದೇವಿ ಡಬ್ಬಿಗಳ ಮುಚ್ಚಳ ಹಾಕುತ್ತಿದ್ದಳು.

ಇಷ್ಟನ್ನೆಲ್ಲ ಒಯ್ಯುವುದಕ್ಕೆ ಬಾಜು ಮನೆಯ ಹಬೀಬಸಾಹೇಬರು ತಮ್ಮ ಕಾರು ತರುತ್ತೇನೆಂದರು. ರವಿವಾರ ಪೇಟೆಯಲ್ಲಿ ಅವರ ಕಿರಾಣಿ ಹೋಲ್‌ಸೇಲ್ ಅಂಗಡಿ. ಸುಧಾ ಅವರ ಕಣ್ಣೆದುರೇ ಬೆಳೆದ ಹುಡುಗಿ. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಜೈನಬಿ, ಹಿಂದೆ ಮಹಾದೇವಿ ಮತ್ತು ಬುಟ್ಟಿಗಳು. ನನಗೆ ಉಳಿದದ್ದು ಎರಡು ಬುಟ್ಟಿಗಳ ನಡುವೆ ಮೂರನೆಯ ಬುಟ್ಟಿಯಷ್ಟು ಜಾಗ.

"ನಾ ಫಟಫಟಿ ಮ್ಯಾಲ ಬರ್ತೇನಿ" ಎಂದೆ.

ಮಹಾದೇವಿ ಬುಟ್ಟಿ ಕಟ್ಟುವುದನ್ನು ನಿಲ್ಲಿಸಿದಳು. "ಅಲ್ಲಿ ತನಕಾ? ನಿಮ್ಮ ತಲಿ ನೆಟ್ಟಗ ಐತೇನ್ರಿ? ಹ್ವಾದ ತಿಂಗಳ ಮೂಲಿ ಮನಿ ದೇಸಾಯರು ನಿಂತ ಗಾಡಿಯಿಂದ ಬಿದ್ದು ಸೊಂಟಾ ಮುರಕೊಂಡ್ರು. ಇನ್ನೂ ಹಾಸಿಗಿ ಬಿಟ್ಟಿಲ್ಲ."

"ನಿಂತ ಗಾಡಿಯಿಂದ ಬಿದ್ರು ನೋಡು. ಅದಕ್ಕ ನಾ ಗಾಡಿ ನಿಲ್ಸೂದ ಇಲ್ಲ" ಎಂದೆ.

ಹಬೀಬಸಾಹೇಬರು ನಕ್ಕರು. ಮಹಾದೇವಿ ನಗಲಿಲ್ಲ. ಆ ಗಾಡಿ ಮಾರಬೇಕೆಂದು ಅವಳು ಒಂದು ವರ್ಷದಿಂದ ಹೇಳುತ್ತಲೇ ಇದ್ದಳು. ನಾನು ಒಂದು ವರ್ಷದಿಂದ ಕೇಳಿಸಿಕೊಳ್ಳದವನ ಹಾಗೆ ಇದ್ದೆ. ಆ ದಿನ ಅವಳು ಸೊಂಟಕ್ಕೆ ಕೈ ಇಟ್ಟು ನಿಂತಳು.

"ಹಂಗಾರ ಒಂದು ಮಾತು. ಇವತ್ತ ಬೀಡಿಗೆ ಹೋಗಿ ಮನಿಗೆ ಬರೂತನಕಾ ಮೈಮ್ಯಾಲ ಒಂದ ಒಂದು ಗೀರು ಬೀಳಬಾರದು. ಬೀಳಲಿಲ್ಲಂದ್ರ ಗಾಡಿ ಸುದ್ದಿ ನಾ ಮತ್ತ ಎತ್ತೂದಿಲ್ಲ. ಬಿತ್ತಂದ್ರ ಗಾಡಿ ಮಾರೂದು. ಹಬೀಬಣ್ಣಾರ ಸಾಕ್ಷಿ."

"ಅರೆ, ನಾ ಯಾಕ್ರೀ ಮಧ್ಯೆ" ಎಂದರು ಹಬೀಬಸಾಹೇಬರು. ಮರುಕ್ಷಣವೇ, "ಆದ್ರ ಮಾಸ್ತರ, ಮಾರೂದ ಆದ್ರ ಮೊದಲ ನಮಗ ಹೇಳ್ರಿ. ನಮ್ಮ ಅಳಿಯಾಗ ಹಳೇ ಗಾಡಿ ಹುಚ್ಚ ಐತಿ. ನಾಳೆನ ಬಂದು ಒಯ್ತಾನ" ಎಂದರು.

ನಾನು ಕರಾರಿಗೆ ಒಪ್ಪಿದೆ. ಒಪ್ಪದೆ ಏನು? ಗಾಡಿ ಹೋದರೆ ನನಗೆ ಉಳಿಯುವುದೇನು? ಬಸ್ಸಿನಲ್ಲಿ ಹಿರಿಯ ನಾಗರಿಕರ ಸೀಟು, ಓಣಿಯ ಕೊನೆಯವರೆಗೆ ವಾಕಿಂಗ್, ಯಾರಾದರೂ ಕರೆದುಕೊಂಡು ಹೋದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಹೊರಗೆ ಹೋಗಬೇಕು ಅನ್ನಿಸಿದ ಕೂಡಲೇ ಯಾರನ್ನೂ ಕೇಳದೆ ಹೊರಟುಬಿಡುವ ಸುಖ ಒಂದೇ ನನಗೆ ಉಳಿದಿತ್ತು. ಅದನ್ನು ಬಿಟ್ಟುಕೊಡುವ ಮನಸ್ಸು ನನಗೆ ಇರಲಿಲ್ಲ. ಈಗಲೂ ಇಲ್ಲ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಹೋಳಿಗೆಗೆಂದು ಕಾಸಿದ ತುಪ್ಪದ ಡಬ್ಬಿ ಕಾರಿನಲ್ಲಿ ಉರುಳುತ್ತದೆ, ಎಲ್ಲಿಡುವುದು ಎಂಬ ಚಿಂತೆ ಹೆಂಗಸರಿಗೆ ಬಂತು. "ಇತ್ತ ಕೊಡು, ನನ್ನ ಹ್ಯಾಂಡಲ್ಲಿಗೆ ಹಾಕು" ಎಂದೆ. ಮಹಾದೇವಿ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಮಗುವನ್ನು ಕೊಟ್ಟ ಹಾಗೆ ಕೊಟ್ಟಳು. "ಎಷ್ಟೋ ದಿವಸದ ಕೆನಿ ಕೂಡಿಸಿ ಕಾಸಿದ್ದ ಐತಿ" ಎಂದಳು. ನನ್ನ ಬಗ್ಗೆ ಏನೂ ಹೇಳಲಿಲ್ಲ.

ಅವರು ಬುಟ್ಟಿ ಏರಿಸುತ್ತಿರುವಾಗಲೇ ನಾನು ಕಟ್ಟೆ ಹತ್ತಿ, ಕಾಲು ಹಾಕಿ, ಹೆಲ್ಮೆಟ್ ಬಿಗಿದು ಹೊರಟೆ. ಉದ್ಯಮಬಾಗ ದಾಟುವವರೆಗೆ ಎಲ್ಲವೂ ಸುಸೂತ್ರ. ತಣ್ಣನೆಯ ಗಾಳಿ, ಖುಷಿಯಾದ ಎಂಜಿನ್ನು. ಹಾಡು ಬರುತ್ತಿದ್ದರೆ ಹಾಡುತ್ತಿದ್ದೆ. ಪೀರನವಾಡಿಯ ಹತ್ತಿರ ಹಿಂದಿನಿಂದ ಹಾರ್ನು ಕೇಳಿತು. ಹಬೀಬಸಾಹೇಬರ ಕಾರು. ನಾನು ಎದೆ ಮುಂದೆ ಮಾಡಿ ಪರೇಡಿನ ಭಂಗಿಯಲ್ಲಿ ಕುಳಿತೆ. ಕಾರು ಪಕ್ಕಕ್ಕೆ ಬಂದಾಗ ಕಿಟಕಿಯಿಂದ ಮಹಾದೇವಿ ಇಣುಕಿದಳು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ತುಪ್ಪದ ಚೀಲದ ಮೇಲಿತ್ತು. ಅದು ಕ್ಷೇಮವಾಗಿದ್ದುದನ್ನು ಕಂಡು ಕಾರು ಮುಂದೆ ಹೋಯಿತು.

ಖಾನಾಪುರ ಮುಟ್ಟಿದಾಗ ಚಹಾ ಕುಡಿಯಬೇಕೆನಿಸಿತು. ಅಲ್ಲಿ ಒಂದು ಹೋಟೆಲಿನ ಮುಂದೆ ನನಗೆ ಸರಿಹೊಂದುವ ಕಟ್ಟೆ ಇರುವುದು ನನಗೆ ಮೊದಲಿನಿಂದ ಗೊತ್ತು. ಹೋಗಿ ನೋಡಿದರೆ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಪೇಪರ್ ಓದುತ್ತಾ ಕುಳಿತಿದ್ದಾನೆ. ಏಳಲಿ ಎಂದು ಒಂದು ಸುತ್ತು ಹೊಡೆದು ಬಂದೆ. ಅವನು ಪುಟ ತಿರುಗಿಸಿದ್ದ. ಇನ್ನೊಂದು ಸುತ್ತು ಹೊಡೆದೆ. ಅವನು ಕಾಲು ಮೇಲೆ ಮಡಚಿಕೊಂಡು ಇನ್ನೂ ಆರಾಮವಾಗಿ ಕುಳಿತಿದ್ದ. ಮೂರನೆಯ ಸುತ್ತಿಗೆ ಹೋಟೆಲಿನ ಮಾಲೀಕರೇ ಹೊರಗೆ ಬಂದು, ನನ್ನನ್ನು ಯಾವುದೋ ಇಲಾಖೆಯ ತಪಾಸಣೆಯವನೆಂದು ತಿಳಿದು, "ಬರ್ರಿ ಸಾಹೇಬ, ಬರ್ರಿ, ಒಳಗ ಎಲ್ಲಾ ಸ್ವಚ್ಛ ಐತ್ರಿ" ಎಂದು ಕೈಮುಗಿದರು. ನಾನು ಗಂಭೀರವಾಗಿ ತಲೆ ಅಲ್ಲಾಡಿಸಿ, ಚಹಾ ಕುಡಿಯದೆ ಮಲಪ್ರಭಾ ಸೇತುವೆ ದಾಟಿದೆ.

ಬೀಡಿಯ ರಸ್ತೆ ಹಿಡಿದ ಮೇಲೆ ಇನ್ನೊಂದು ತೊಂದರೆ. ಅರವತ್ತು ದಾಟಿದ ಗಂಡಸರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಚಹಾ ಕುಡಿಯದಿದ್ದರೂ ಅದು ಬರುತ್ತದೆ. ಎರಡೂ ಕಡೆ ಹೊಲ, ಎಲ್ಲಿಯೂ ಕಟ್ಟೆ ಇಲ್ಲ. ಕೊನೆಗೆ ರಸ್ತೆಯ ಅಂಚಿನಲ್ಲಿ ಕಿಲೋಮೀಟರ್ ಕಲ್ಲೊಂದು ದೇವರ ಹಾಗೆ ಕಾಣಿಸಿತು. ಅದರ ಪಕ್ಕಕ್ಕೆ ಗಾಡಿ ತಾಗಿಸಿ ಇಳಿದೆ, ಪೊದೆಯ ಹಿಂದೆ ಹೋಗಿಬಂದೆ. ಏರುವುದೇ ಕಷ್ಟವಾಯಿತು. ಆ ಕಲ್ಲಿನ ತಲೆ ದುಂಡಗೆ. ಒಂದು ಕಾಲು ಕಲ್ಲಿನ ಮೇಲಿಟ್ಟು, ಸೀಟು ಹಿಡಿದುಕೊಂಡು, ಇನ್ನೊಂದು ಕಾಲನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಣ್ಣುಮಗಳೊಬ್ಬಳು ಬಂದು ನಿಂತಳು.

"ಯಾಕ್ರೀ ಯಜ್ಜಾರ, ಕಲ್ಲಿನ ಮ್ಯಾಲ ನಿಂತೀರಿ?"

ಗುಟ್ಟು ಬಿಟ್ಟುಕೊಡುವವನಲ್ಲ ನಾನು. "ಏನಿಲ್ಲವ್ವಾ. ಹೊಲಾ ನೋಡಾಕತ್ತೇನಿ. ಭಾಳ ಛಲೋ ಐತಿ" ಎಂದೆ.

ಅವಳು ನನ್ನನ್ನು ಹೆಲ್ಮೆಟ್ಟಿನಿಂದ ಬೂಟಿನವರೆಗೆ ನೋಡಿದಳು. "ಆ ಹೊಲಾ ನಮ್ಮದ ಐತಿ. ಮಾರಾಕಿಲ್ಲ" ಎಂದು ಹೇಳಿ, ನಾನು ಹೋಗುವವರೆಗೂ ಅಲ್ಲೇ ಕಾವಲು ನಿಂತಳು. ಆ ಅವಮಾನದ ಬಲದಿಂದಲೇ ನನ್ನ ಕಾಲು ಮೇಲೆದ್ದಿತು. ಗಾಡಿ ಹೊರಟಿತು.

ಇನ್ನು ಮುಖ್ಯ ಘಟ್ಟಕ್ಕೆ ಬರುತ್ತೇನೆ.

ಬೀಗರು, ಅಂದರೆ ಸುಧಾಳ ಮಾವ ಚನ್ನಬಸಪ್ಪನವರು, ನನಗಿಂತ ನಾಲ್ಕು ವರ್ಷ ದೊಡ್ಡವರು. ಒಕ್ಕಲುತನದವರು, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಅವರಿಗೂ ಒಂದು ಹಳೆಯ ಫಟಫಟಿ. ಅದನ್ನು ಮುಟ್ಟಕೂಡದೆಂದು ಅವರ ಮನೆಯಲ್ಲಿಯೂ ತಾಕೀತಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಕಾರು ಅವರ ಮನೆ ಮುಟ್ಟಿದಾಗ "ಮಾಸ್ತರು ಹಿಂದಿನಿಂದ ಗಾಡಿ ಮ್ಯಾಲ ಬರಾಕತ್ತಾರ" ಎಂದು ಮಹಾದೇವಿ ಹೇಳಿದಳಂತೆ. ಬೀಗರು ಬಂದರೆ ಊರ ಹೊರಗೆ ಹೋಗಿ ಎದುರುಗೊಳ್ಳಬೇಕು, ಅದು ಪದ್ಧತಿ. ಬರುವವರು ಫಟಫಟಿಯ ಮೇಲೆ ಬರುತ್ತಿರುವಾಗ ತಾವು ನಡೆದುಕೊಂಡು ಹೋಗುವುದೇ? ಹೆಂಗಸರೆಲ್ಲ ಬುಟ್ಟಿ ಇಳಿಸುವ ಗಡಿಬಿಡಿಯಲ್ಲಿದ್ದಾಗ ಅವರು ಮೆಲ್ಲಗೆ ಗಾಡಿ ಹೊರತೆಗೆದು ಬಂದುಬಿಟ್ಟರು.

ಊರು ಇನ್ನೇನು ಬಂತು ಅನ್ನುವಾಗ ಎದುರಿನಿಂದ ಧೋತರ ಹಾರಿಸುತ್ತಾ ಫಟಫಟಿಯೊಂದು ಬರುವುದು ಕಂಡಿತು. ಗುರುತು ಹಿಡಿದೆ. ಅವರೂ ಗುರುತು ಹಿಡಿದರು.

ಈಗ ನೀವೇ ಹೇಳಿ. ಮಗಳನ್ನು ಕೊಟ್ಟ ಮನೆಯ ಯಜಮಾನರು, ವಯಸ್ಸಿನಲ್ಲಿ ಹಿರಿಯರು, ನನ್ನನ್ನು ಎದುರುಗೊಳ್ಳಲು ಊರ ಹೊರಗೆ ಬಂದಿದ್ದಾರೆ. ನಮ್ಮಲ್ಲಿ ಶರಣು ಎಂದರೆ ಎರಡೂ ಕೈ ಜೋಡಿಸಬೇಕು, ಕುತ್ತಿಗೆ ಬಗ್ಗಿಸಬೇಕು. ಒಂದು ಕೈ ಎತ್ತಿ ಬೀಸಿ ಹೋಗುವುದಕ್ಕೆ ಅವರೇನು ಬಸ್ ಕಂಡಕ್ಟರೇ? ಗಾಡಿ ನಿಲ್ಲಿಸಿ ಇಳಿದು ಕೈಮುಗಿಯಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಇಳಿಯುವುದು? ಅಲ್ಲಿ ಕಟ್ಟೆ ಇರಲಿಲ್ಲ!

ವೇಗ ಪೂರ್ತಿ ತಗ್ಗಿಸಿದೆ. ನಡೆದುಕೊಂಡು ಹೋಗುವವರು ನನ್ನನ್ನು ಹಿಂದೆ ಹಾಕಬಹುದಾಗಿತ್ತು. ಆಮೇಲೆ ಎರಡೂ ಕೈ ಎತ್ತಿದೆ. ಜೋಡಿಸಿದೆ. ಕುತ್ತಿಗೆ ಬಗ್ಗಿಸಿದೆ.

"ಶರಣ್ರೀ ಬೀಗರ."

ಚನ್ನಬಸಪ್ಪನವರು ಮರ್ಯಾದೆಯಲ್ಲಿ ನನಗಿಂತ ಕಡಿಮೆಯವರಲ್ಲ. ಅವರೂ ಎರಡೂ ಕೈ ಎತ್ತಿದರು.

"ಶರಣ್ರೀ ಮಾಸ್ತರ."

ಆ ಒಂದು ಕ್ಷಣ ನಾವಿಬ್ಬರೂ ಗಾಡಿಗಳ ಮೇಲೆ, ಕೈಮುಗಿದುಕೊಂಡು, ಎದುರುಬದುರಾಗಿ, ಅತ್ಯಂತ ಗೌರವದಿಂದ ಹೋಗುತ್ತಿದ್ದೆವು. ನೋಡಲು ಯಾರೂ ಇರಲಿಲ್ಲವೆಂಬ ಸಂಕಟ ನನಗೆ ಇಂದಿಗೂ ಇದೆ. ಮರುಕ್ಷಣ ನಾನು ಬಲಕ್ಕೆ, ಅವರು ಎಡಕ್ಕೆ. ರಸ್ತೆಯ ಎರಡು ಬದಿಗೆ ಎರಡು ಗಾಡಿ, ಎರಡು ಗಾಡಿಯ ಬಾಜು ಇಬ್ಬರು ಬೀಗರು.

ಬಿದ್ದರೆ ಉರುಳಬೇಕು ಎಂದು ಮಕ್ಕಳಿಗೆ ಕಲಿಸಿದ್ದೆನಲ್ಲ. ನನಗೆ ಉರುಳಲು ನೆನಪಾದದ್ದು ಬಿದ್ದು ಸ್ವಲ್ಪ ಹೊತ್ತಾದ ಮೇಲೆ. ಭುಜದ ಹತ್ತಿರ ಒಣ ಕಟ್ಟಿಗೆ ಮುರಿದಂಥ ಸಪ್ಪಳ ಕೇಳಿಸಿತ್ತು. ಆದರೆ ನನಗೆ ಮೊದಲು ಬಂದದ್ದು ಬೀಗರ ಚಿಂತೆ.

"ಪೆಟ್ಟಾತೇನ್ರಿ ಬೀಗರ?" ಎಂದೆ, ಮಲಗಿದಲ್ಲಿಂದಲೇ.

"ಏ, ಏನಿಲ್ರಿ. ನಿಮಗೇನರೆ ಆತೇನ್ರಿ?"

"ನನಗೂ ಏನಿಲ್ರಿ. ಏಳ್ರಿ ಹಂಗಾರ."

"ಇಲ್ಲಿಲ್ರಿ, ಮೊದಲ ನೀವು ಏಳ್ರಿ. ಬೀಗರು ನೀವು. ನಮ್ಮ ಊರಿಗೆ ಬಂದವರು."

"ಹಿರಿಯರು ನೀವು. ನೀವು ಏಳೂತನಕಾ ನಾ ಏಳೂದು ಸರಿ ಅಲ್ರಿ."

ಹೀಗೆ ಇಬ್ಬರೂ ಮರ್ಯಾದೆ ಬಿಟ್ಟುಕೊಡದೆ ಬಿಸಿಲಿನಲ್ಲಿ ಮಲಗಿದ್ದೆವು. ಖರೇ ಹೇಳಬೇಕೆಂದರೆ ಇಬ್ಬರಿಗೂ ಏಳಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಚೀಲದಿಂದ ತುಪ್ಪ ಹೊರಬಂದು, ಯಾವ ಅವಸರವೂ ಇಲ್ಲದೆ, ಘಮಘಮಿಸುತ್ತಾ ರಸ್ತೆಗೆ ಅಡ್ಡಲಾಗಿ ಹರಿಯತೊಡಗಿತು.

ಅಪ್ಪ ಗಾಡಿ ಒಯ್ದದ್ದು ಗೊತ್ತಾಗಿ ನಮ್ಮ ಅಳಿಯ ಮಹಾಂತೇಶ ತನ್ನ ಹೊಸ ಬೈಕಿನ ಮೇಲೆ ಹಿಂದೆಯೇ ಧಾವಿಸಿ ಬಂದ. ತಂದೆ ಒಂದು ಕಡೆ, ಮಾವ ಒಂದು ಕಡೆ ಮಲಗಿದ್ದನ್ನು ಕಂಡು ಜೋರಾಗಿ ಬ್ರೇಕು ಹಾಕಿದ. ಹಾಕಿದ್ದು ತುಪ್ಪದ ಮೇಲೆ. ಬೈಕು ಒಂದು ಕಡೆ ಹೋಯಿತು, ಅವನು ಬೆನ್ನ ಮೇಲೆ ಜಾರುತ್ತಾ ನಮ್ಮಿಬ್ಬರ ನಡುವಿನಿಂದ ಹಾದು ಬಹಳ ದೂರ ಹೋದ. ನನ್ನ ಜೀವವೇ ಹೋದ ಹಾಗಾಯಿತು. ಅವನು ಎದ್ದ. ಪ್ಯಾಂಟು ಝಾಡಿಸಿಕೊಂಡ. ಓಡಿ ಬಂದು, "ಮಾವಾರ, ಪೆಟ್ಟಾಗೇತೇನ್ರಿ?" ಎಂದು ನನ್ನನ್ನೇ ಕೇಳಿದ.

ಅವನು ಫೋನ್ ಮಾಡಿದ ಮೇಲೆ ಹಬೀಬಸಾಹೇಬರ ಕಾರು ಬಂತು. ನಮ್ಮಿಬ್ಬರನ್ನೂ ಹಿಂದಿನ ಸೀಟಿಗೆ ಏರಿಸಿದರು, ಮಹಾಂತೇಶ ತನ್ನ ಬೈಕು ಎತ್ತಿಕೊಂಡು ಹಿಂದಿನಿಂದ ಬಂದ. ಬುಟ್ಟಿಗಳನ್ನು ಇಳಿಸಿಯಾಗಿತ್ತು, ಒಂದನ್ನು ಬಿಟ್ಟು. ಆ ಕರ್ಚಿಕಾಯಿ ಬುಟ್ಟಿಯ ಪಕ್ಕದಲ್ಲಿ, ಬೆಳಿಗ್ಗೆ ನಾನು ಬೇಡವೆಂದ ಅದೇ ಜಾಗದಲ್ಲಿ, ಅದೇ ಬುಟ್ಟಿಯಷ್ಟು ಗಾತ್ರವಾಗಿ ಮುದುಡಿ ಕುಳಿತು ಖಾನಾಪುರಕ್ಕೆ ವಾಪಸಾದೆ. ಮಹಾದೇವಿ ಮುಂದಿನ ಸೀಟಿನಲ್ಲಿದ್ದಳು. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ. ಅವಳು ಮಾತಾಡಿದರೆ ನನಗೆ ಉತ್ತರ ಗೊತ್ತಿರುತ್ತದೆ. ಮಾತಾಡದಿದ್ದರೆ ಹೆದರಿಕೆಯಾಗುತ್ತದೆ.

ದವಾಖಾನೆಯಲ್ಲಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಲುಬಿನ ಎಕ್ಸ್‌ರೇ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿದಳು. ನನ್ನ ಬಲ ಭುಜದ ಮುಂದಿನ ಎಲುಬು ಎರಡು ತುಂಡು. ಬೀಗರ ಎಡ ಮಣಿಕಟ್ಟು ಬಿರುಕು. ಅಳಿಯನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವನ ಪ್ಯಾಂಟಿಗೆ ಮಾತ್ರ ಪೆಟ್ಟಾಗಿತ್ತು.

"ಇದ್ಯಾವ ನ್ಯಾಯ?" ಎಂದು ಕೇಳಿಯೇಬಿಟ್ಟೆ. "ಅಂವಾ ಜೋರ ಬಂದು ಅಷ್ಟು ದೂರ ಜಾರಿದ. ನಾವು ನಿಂತಂಗ ಇದ್ದು ಕೆಳಗ ಬಂದೇವಿ, ಅಷ್ಟ."

ಅವಳು ನನ್ನ ಕೈಗೆ ಪಟ್ಟಿ ಕಟ್ಟುತ್ತಾ ಹೇಳಿದಳು. "ಬೀಳೂದು ಎಲ್ಲಾರದೂ ಒಂದ ರೀ ಸರ್. ಎಲುಬು ಒಂದ ಅಲ್ಲ. ವಯಸ್ಸಾದಂಗ ಎಲುಬಿನ ಗಟ್ಟಿತನ ಕಡಿಮಿ ಆಗ್ತದ. ಹುಡುಗರು ಬಿದ್ರ ಎದ್ದು ಹೋಗ್ತಾರ. ಅದ ಪೆಟ್ಟು ನಿಮ್ಮ ವಯಸ್ಸಿನವರಿಗೆ ಬಿದ್ರ ಹಿಂಗ ನನ್ನ ಹಂತ್ಯಾಕ ಬರ್ತಾರ. ಇವತ್ತ ಪುಣ್ಯಾಕ ತಲಿಗೆ ಹೆಲ್ಮೆಟ್ ಇತ್ತು."

ಮಹಾದೇವಿ ಆಗ ಬಾಯಿಬಿಟ್ಟಳು. "ಹಬೀಬಣ್ಣಾರ, ನಿಮ್ಮ ಅಳಿಯಾಗ ಫೋನ್ ಹಚ್ರಿ."

ನಾನು ಮಲಗಿದಲ್ಲೇ ಎಡಗೈ ಎತ್ತಿದೆ. "ಕರಾರು ಏನಿತ್ತು? ಮೈಮ್ಯಾಲ ಗೀರು ಬೀಳಬಾರದು ಅಂತಿತ್ತು. ಡಾಕ್ಟ್ರ, ಸರಿಯಾಗಿ ನೋಡಿ ಹೇಳ್ರಿ. ನನ್ನ ಮೈಮ್ಯಾಲ ಒಂದರೆ ಗೀರು ಐತೇನು?"

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಪಾಪ, ಮೊಣಕೈ, ಮೊಣಕಾಲು, ಬೆನ್ನು ಎಲ್ಲವನ್ನೂ ಪ್ರಾಮಾಣಿಕವಾಗಿ ನೋಡಿದಳು. ಪೂರ್ತಿ ತೋಳಿನ ದಪ್ಪ ಜಾಕೆಟ್, ಬೂಟು, ಕೈಗವಸು. ಡ್ರಿಲ್ ಮಾಸ್ತರನ ಶಿಸ್ತು.

"ಗೀರು ಇಲ್ರಿ" ಎಂದಳು. "ಎಲುಬು ಎರಡಾಗೇತಿ."

"ಎಲುಬಿನ ಮಾತು ಕರಾರಿನ್ಯಾಗ ಇರಲಿಲ್ಲ. ಸಾಕ್ಷಿದಾರರು ಇಲ್ಲೆ ಅದಾರ" ಎಂದೆ.

ಹಬೀಬಸಾಹೇಬರು ಗಡ್ಡ ನೀವಿಕೊಂಡರು. ತಮ್ಮ ಅಳಿಯನ ಮುಖ ಅವರ ಕಣ್ಣ ಮುಂದೆ ಬಂದಿರಬೇಕು. ಆದರೂ ಮನುಷ್ಯ ಸತ್ಯವಂತ. "ವೈನಿ, ಮಾಸ್ತರ ಹೇಳೂದು ಖರೇ ಐತಿ. ನೀವು ಗೀರು ಅಂದಿದ್ರಿ" ಎಂದರು. ಮಹಾದೇವಿ ನನ್ನ ಜಾಕೆಟ್ಟಿನ ಕಿಸೆಗೆ ಕೈ ಹಾಕಿ ಗಾಡಿಯ ಚಾವಿ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಾಡಿ ಮಾರುವುದಿಲ್ಲ. ಚಾವಿಯೂ ಸಿಗುವುದಿಲ್ಲ. ಕರಾರಿನಲ್ಲಿ ಚಾವಿಯ ಮಾತೂ ಇರಲಿಲ್ಲವಂತೆ.

ಬೀಡಿಗೆ ಮರಳಿದಾಗ ಹೊತ್ತು ಇಳಿದಿತ್ತು. ಎಲ್ಲರೂ ಹಸಿದು ಕಾದಿದ್ದರು. ಸುಧಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೊರಳಿನ ಪಟ್ಟಿ, ಮಾವನ ಕೈಯ ಪ್ಲಾಸ್ಟರು ನೋಡಿ ಅವಳ ಮುಖ ಸಣ್ಣದಾಯಿತು. ಬುತ್ತಿ ಬಿಚ್ಚಿದರು. ಬಸುರಿ ಮಗಳಿಗೆ ತವರಿನವರು ತುತ್ತು ತಿನ್ನಿಸಬೇಕಾದ ದಿನ ಅದು. ನನ್ನ ಬಲಗೈಯನ್ನು ಕಟ್ಟಿಹಾಕಿದ್ದರು. ಎಡಗೈಯಿಂದ ರೊಟ್ಟಿ ಮುರಿಯಲು ಒದ್ದಾಡುವುದನ್ನು ನೋಡಲಾರದೆ ಅವಳೇ ಎಣ್ಣೆಗಾಯಿ ಹಚ್ಚಿ ತುತ್ತು ಮಾಡಿ ನನ್ನ ಬಾಯಿಗಿಟ್ಟಳು.

"ಅಪ್ಪಾ" ಎಂದಳು ಸಣ್ಣ ದನಿಯಲ್ಲಿ, "ಕೂಸು ಬಂದ ಮ್ಯಾಲ ಎತ್ತಿಕೊಳ್ಳಾಕ ಎರಡೂ ಕೈ ಬೇಕ್ರಿ ನಿಮಗ. ನೆನಪ ಇರ್ಲಿ."

ನನಗೆ ನಾಚಿಕೆಯಾಯಿತು. ಕಣ್ಣು ತುಂಬಿ ಬಂತು. ಮಗಳಿಗೆ ತುತ್ತು ಕೊಡಬೇಕಾದವನು ಅವಳ ಕೈತುತ್ತು ತಿನ್ನುತ್ತಾ ಕುಳಿತಿದ್ದೆ, ಅದೂ ತುಪ್ಪವಿಲ್ಲದ ಹೋಳಿಗೆ.

ನನ್ನ ಪಕ್ಕದಲ್ಲಿ ಕುಳಿತಿದ್ದ ಚನ್ನಬಸಪ್ಪನವರು ಕಿವಿಯ ಹತ್ತಿರ ಬಗ್ಗಿದರು. "ಬೀಗರ, ಮುಂದಿನ ಸಲ ಇಬ್ಬರೂ ಒಂದೊಂದ ಕೈ ಎತ್ತೂಣು. ಸಾಕು."

"ಮುಂದಿನ ಸಲ?" ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಅವರ ಹೆಂಡತಿಯದು. ಬೀಗರು ಸುಮ್ಮನೆ ಮೊಸರು ಬುತ್ತಿ ತಿಂದರು.

ಗಾಡಿಯನ್ನು ಹಬೀಬಸಾಹೇಬರು ಟೆಂಪೋದಲ್ಲಿ ಹಾಕಿಸಿ ಮನೆಗೆ ತರಿಸಿದರು. ಓಣಿಯಲ್ಲಿ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಆಮೇಲೆ ನನ್ನನ್ನು ಕಂಡವರೆಲ್ಲ ಎರಡೂ ಕೈ ತಲೆಯ ಮೇಲೆ ಎತ್ತಿ "ಶರಣ್ರೀ ಮಾಸ್ತರ" ಅನ್ನತೊಡಗಿದರು. ನಾನು ಎಡಗೈ ಎತ್ತಿ ಸುಮ್ಮನಾಗುತ್ತಿದ್ದೆ. ಪಟ್ಟಿ ಬಿಚ್ಚಿದರು. ಸುಧಾ ಹೆರಿಗೆಗೆ ಮನೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಮಗಳ ಅಪ್ಪಣೆಯಂತೆ ಎರಡೂ ಕೈಯಿಂದಲೇ ಎತ್ತಿಕೊಂಡೆ. ಆ ಸುಖವನ್ನು ಇಲ್ಲಿ ವರ್ಣಿಸಲು ಹೋಗುವುದಿಲ್ಲ. ಕೂಸು ನನ್ನ ಅಂಗಿಯ ಗುಂಡಿ ಹಿಡಿದುಕೊಂಡು ಮಲಗಿಬಿಟ್ಟಿತು, ಅಷ್ಟು ಹೇಳಿದರೆ ಸಾಕು.

ಅದಾದ ವಾರಕ್ಕೆ ನಾನು ಹೆಲ್ಮೆಟ್ ಹಾಕಿಕೊಂಡು ಮಹಾದೇವಿಯ ಮುಂದೆ ನಿಂತೆ.

"ಚಾವಿ ಕೊಡು. ಎಲುಬು ಕೂಡೇತಿ, ಕೂಸಿನ್ನ ಎತ್ತಿಕೊಂಡೇನಿ, ಗಾಡಿ ನಂದು. ಯಾರೋ ಡಾಕ್ಟ್ರು ಹೇಳಿದ್ರಂತ ನಾ ಮುದುಕ ಆಗಾಂವಲ್ಲ."

ದೊಡ್ಡ ಜಗಳಕ್ಕೆ ತಯಾರಾಗಿ ಹೋಗಿದ್ದೆ. ಇನ್ನೂ ನಾಲ್ಕು ವಾಕ್ಯ ಬಾಯಿಪಾಠ ಮಾಡಿಟ್ಟಿದ್ದೆ. ಅವಳು ಸುಮ್ಮನೆ ಸೊಂಟದಿಂದ ಚಾವಿ ತೆಗೆದು ನನ್ನ ಕೈಗೆ ಹಾಕಿದಳು. "ತಗೋರಿ. ಹೋಗಿ ಬರ್ರಿ."

ಗೆದ್ದೆ ಎಂದುಕೊಂಡು ಅಂಗಳಕ್ಕೆ ಬಂದೆ. ಗಾಡಿ ಕಟ್ಟೆಯ ಪಕ್ಕದಲ್ಲಿ ಇರಲಿಲ್ಲ. ಅಂಗಳದ ನಟ್ಟನಡುವೆ, ಸುತ್ತಲೂ ಯಾವ ಆಸರೆಯೂ ಇಲ್ಲದೆ, ದೊಡ್ಡ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಬೆಳಿಗ್ಗೆಯೇ ಹಬೀಬಸಾಹೇಬರಿಂದ ಸರಿಸಿ ಇಡಿಸಿದ್ದಳಂತೆ. ಸ್ಟ್ಯಾಂಡಿನಿಂದ ಇಳಿಸಿ ಕಟ್ಟೆಯವರೆಗೆ ತಳ್ಳಬೇಕೆಂದರೆ ಭುಜಕ್ಕೆ ಇನ್ನೂ ಆ ಶಕ್ತಿ ಬಂದಿಲ್ಲ. ನಾನು ಗಾಡಿಯ ಸುತ್ತ ಒಮ್ಮೆ ತಿರುಗಿದೆ. ಬಲಗಾಲನ್ನು ಒಂದು ಸಲ ಎತ್ತಿ ನೋಡಿದೆ. ಅದು ಸೈಲೆನ್ಸರಿನವರೆಗೆ ಬಂದು ನಿಂತಿತು.

ಹಿಂದಿನಿಂದ ಮಹಾದೇವಿಯ ದನಿ ಬಂತು. "ಆ ಕಟ್ಟಿ ಸೊಪ್ಪು ಸೋಸಾಕ ಕಟ್ಟಿಸೇನಿ ಅಂತ ತಿಳಿದಿದ್ರೇನ್ರಿ? ನಮ್ಮನಿಗೆ ದಿನಾ ಎಷ್ಟ ಸೊಪ್ಪು ಬರ್ತೈತಿ? ನೀವು ಗಾಡಿ ಹತ್ತಾಕ ಕಾಲ ಎಳಿಯೂದು ನೋಡಲಾರದ, ಗೌಂಡಿಗೆ ನಿಮ್ಮ ಗಾಡಿ ಎತ್ತರ ಹೇಳಿ ಕಟ್ಟಿಸೇನಿ."

ಎರಡು ವರ್ಷ. ಎರಡು ವರ್ಷ ನಾನು ಗುಟ್ಟು ಕಾಪಾಡಿಕೊಂಡಿದ್ದೆನೆಂದು ಬೀಗುತ್ತಿದ್ದೆ. ಅವಳು ನನ್ನ ಮಾನ ಕಾಪಾಡಿಕೊಂಡು ಬಂದಿದ್ದಳು. ಆದರೆ ಸೋಲೊಪ್ಪುವುದು ನನ್ನ ಜಾಯಮಾನವಲ್ಲ. "ಇವತ್ತ ಟೈರಿನ್ಯಾಗ ಗಾಳಿ ಕಡಿಮಿ ಐತಿ. ನಾಳೆ ನೋಡೂಣು" ಎಂದು ಹೇಳಿ, ಹೆಲ್ಮೆಟ್ಟನ್ನೂ ತೆಗೆಯದೆ, ಚಾವಿ ಕೈಯಲ್ಲಿ ಹಿಡಿದುಕೊಂಡು, ಹೋಗಿ ಕಟ್ಟೆಯ ಮೇಲೆ ಕುಳಿತೆ.

ಅದೇ ಹೊತ್ತಿಗೆ ಗೇಟು ತೆರೆಯಿತು. ಮೊಮ್ಮಗಳನ್ನು ನೋಡಲು ಬೀಡಿಯಿಂದ ಚನ್ನಬಸಪ್ಪನವರು ಬಂದಿದ್ದರು. ಬಸ್ಸಿನಲ್ಲಿ. ಕೈಯಲ್ಲಿದ್ದ ತುಪ್ಪದ ಡಬ್ಬಿಯನ್ನು ಮೊದಲು ನೆಲದ ಮೇಲೆ ಜೋಪಾನವಾಗಿ ಇಟ್ಟರು. ನಾನು ಎದ್ದು ನಿಂತೆ. ಇಬ್ಬರೂ ಎರಡೂ ಕೈ ಎತ್ತಿದೆವು, ಜೋಡಿಸಿದೆವು, ಕುತ್ತಿಗೆ ಬಗ್ಗಿಸಿದೆವು.

"ಶರಣ್ರೀ ಬೀಗರ."

"ಶರಣ್ರೀ ಮಾಸ್ತರ."

ಮಹಾದೇವಿ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. "ಮರ್ಯಾದಿ ಅವತ್ತಿನಷ್ಟ ಐತಿ" ಎಂದಳು. "ಆದ್ರ ಇವತ್ತ ಯಾರರೆ ಬಿದ್ರೇನ್ರಿ?"

ನಾನು ಹೆಲ್ಮೆಟ್ಟಿನ ಗಾಜನ್ನು ಕೆಳಗೆ ಎಳೆದುಕೊಂಡೆ.